ಎಂಟು ಬಿಳಿ ಪಟ್ಟಿಗಳು

ಗಡಿಯಾರದವನು ಹನ್ನೊಂದು ಗಂಟೆಗೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ. ಬೇರೆ ಯಾರಾದರೂ ಹನ್ನೊಂದು ಎಂದರೆ ಹನ್ನೊಂದೂವರೆಯೋ ಹನ್ನೆರಡೋ ಎಂದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಇವನು ಮೂವತ್ತೈದು ವರ್ಷ ಕೈಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆದವನು, ಹನ್ನೊಂದು ಎಂದರೆ ಹನ್ನೊಂದೇ. ಈಗ ಒಂಬತ್ತೂ ಕಾಲು. ಅವಳು ಬಾಲ್ಕನಿಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಎಂಟು ಕುಂಡಗಳ ನಡುವೆ ಮೋಟು ಸ್ಟೂಲಿನ ಮೇಲೆ ಕೂತು, ಬೆರಳಗಲದ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಗಂಡನ ಪೆನ್ಸಿಲಿನಿಂದ ಗಂಡನ ಅಕ್ಷರ ಬರೆಯಲು ನೋಡುತ್ತಿದ್ದಳು. ಅವರದು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಎಂಥ ಚಿಕ್ಕ ಜಾಗ ಕೊಟ್ಟರೂ ಅದರೊಳಗೆ ಬಲಕ್ಕೆ ಓರೆಯಾದ ಅಕ್ಷರಗಳು ಸಾಲಾಗಿ ನಿಲ್ಲುತ್ತಿದ್ದವು, ಒಂದರ ತಲೆ ಇನ್ನೊಂದರ ತಲೆಗಿಂತ ಎತ್ತರವಾಗದಂತೆ. ಇವಳ ಕೈಯಲ್ಲಿ ಬಂದದ್ದು ಗುಂಡಗುಂಡಗಿನ, ಶಾಲೆಯ ಕಾಪಿಪುಸ್ತಕದ ಅಂಕಿ. ‘೨ × ೫’ ಎಂದು ಬರೆದಳು. ಎರಡು ದಪ್ಪಗಾಯಿತು. ಬೆರಳಿಗೆ ಎಂಜಲು ಹಚ್ಚಿ ಒರೆಸಿದಳು. ಮತ್ತೆ ಬರೆದಳು, ಈ ಸಲ ಕೈಯನ್ನು ಬೇಕೆಂದೇ ಓರೆ ಮಾಡಿ. ಓರೆಯಾದದ್ದು ಅಕ್ಷರ ಮಾತ್ರ; ಕೈ ಯಾರದೆಂದು ಕುರುಡನಿಗೂ ಗೊತ್ತಾಗುವಂತಿತ್ತು. ಆದರೂ ಅದನ್ನು ಹಣ್ಣು ಬಿಟ್ಟ ಒಂದು ಕುಂಡದ ಮಣ್ಣಿಗೆ ಚುಚ್ಚಿದಳು. ಯಾವ ಕುಂಡಕ್ಕೆ ಎಂದು ಯೋಚಿಸಿ ಪ್ರಯೋಜನವಿರಲಿಲ್ಲ, ಕೈಗೆ ಹತ್ತಿರವಿದ್ದದ್ದಕ್ಕೆ ಚುಚ್ಚಿದಳು.

ಕ್ಲೈವಿಯಾ. ಮೊದಲ ಸಲ ಆ ಹೆಸರು ಕೇಳಿದಾಗ ಅವಳು ಯಾವುದೋ ಔಷಧಿಯ ಹೆಸರೆಂದುಕೊಂಡಿದ್ದಳು. ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ದೊಡ್ಡ ಮರಗಳ ಬುಡದ ಕತ್ತಲಲ್ಲಿ ತಾನಾಗಿ ಬೆಳೆಯುವ ಗಿಡವಂತೆ. ಅದಕ್ಕೇ ಬಿಸಿಲು ಕಂಡರಾಗದು, ನೀರು ಹೆಚ್ಚಾದರಾಗದು, ಕುಂಡ ದೊಡ್ಡದಾದರಾಗದು. ಬೇರು ಉಸಿರಾಡಲು ಜಾಗವಿಲ್ಲದಷ್ಟು ಇಕ್ಕಟ್ಟಾದರೆ ಮಾತ್ರ ಹೂ ಬಿಡುವ ವಿಚಿತ್ರ ಜೀವ. ನಡುಪಟ್ಟಿಯಷ್ಟು ಅಗಲದ ಕಡುಹಸಿರು ಎಲೆ, ವರ್ಷಕ್ಕೊಮ್ಮೆ ನಡುವಿನಿಂದ ಏಳುವ ದಂಟು, ತುದಿಯಲ್ಲಿ ಹದಿನೈದಿಪ್ಪತ್ತು ಕಿತ್ತಳೆ ಬಣ್ಣದ ಹೂ. ಎಂಟು ಕುಂಡದಲ್ಲೂ ಅದೇ ಕಿತ್ತಳೆ. ಅವಳ ಕಣ್ಣಿಗೆ ಎಂಟೂ ಒಂದೇ. ಆದರೆ ಅವರೂ ಗಡಿಯಾರದವನೂ ಒಂಬತ್ತು ವರ್ಷದಿಂದ ಬಾಯಿ ಬಿಡುತ್ತಿದ್ದುದು ಹಳದಿ ಹೂವಿಗೆ. ಗಡಿಯಾರದವನು ಯಾರದೋ ಮನೆಯ ಹಳದಿ ಗಿಡದಿಂದ ಒಂದಿಷ್ಟು ಪರಾಗವನ್ನು ಬೆಂಕಿಪೊಟ್ಟಣದಲ್ಲಿಟ್ಟು ತಂದಿದ್ದ. ತನ್ನ ಸಣ್ಣ ಚಿಮಟದಿಂದ ಅದನ್ನು ಕಿತ್ತಳೆ ಹೂವಿಗೆ ಹಚ್ಚಿದ್ದ. ಹುಟ್ಟಿದ್ದೆಲ್ಲ ಕಿತ್ತಳೆಯೇ. ಆದರೆ ಅವುಗಳ ಹೊಟ್ಟೆಯೊಳಗೆ ಹಳದಿ ಅಡಗಿ ಕೂತಿರುತ್ತದೆ, ಅಂಥ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಹಳದಿಯಾಗುತ್ತದೆ ಎಂದು ಅವರು ಊಟದ ಮೇಜಿನ ಮೇಲೆ ಬೆರಳಲ್ಲಿ ಗೀಟೆಳೆದು ವಿವರಿಸಿದ್ದರು. ಆ ಪರಾಗದಿಂದಾದ ಬೀಜಗಳಲ್ಲಿ ಬಸವನಹುಳಕ್ಕೆ ಸಿಕ್ಕದೆ ಉಳಿದು ದೊಡ್ಡದಾದದ್ದು ಎರಡೇ ಗಿಡ, ಎರಡನೆಯ ಕುಂಡ ಮತ್ತು ಐದನೆಯ ಕುಂಡ. ಹತ್ತು ತಿಂಗಳ ಹಿಂದೆ ಆ ಎರಡನ್ನು ಕೂಡಿಸಿದ್ದರು. ಯಾವುದು ಎರಡು, ಯಾವುದು ಐದು ಎಂಬುದು ಮಣ್ಣಿಗೆ ಚುಚ್ಚಿದ ಪಟ್ಟಿಯಲ್ಲಿ ಪೆನ್ಸಿಲಿನಲ್ಲಿತ್ತು. “ಒಂದು ಪುಸ್ತಕದಲ್ಲಿ ಬರ್ದಿಡಬಾರದಾ?” ಎಂದು ಅವಳು ಕೇಳಿದ್ದಕ್ಕೆ, “ಪುಸ್ತಕ ಕಳೆದುಹೋಗುತ್ತೆ ಕಣೇ, ಕುಂಡ ಎಲ್ಲಿಗೆ ಹೋಗುತ್ತೆ?” ಎಂದಿದ್ದರು. ಕುಂಡ ಎಲ್ಲಿಗೂ ಹೋಗಲಿಲ್ಲ, ನಿಜ.

ಒಳಗೆ ಗಾಲಿಕುರ್ಚಿ ಕಿರ್ರೆಂದಿತು. ಅವಳು ಕಿವಿಗೊಟ್ಟು ಕೂತಳು. ಅವರು ಎಡಗಾಲಿನಿಂದ ನೆಲವನ್ನು ಒತ್ತಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ, ಒಂದು ಗೇಣು ಮುಂದಕ್ಕೆ ಆಡಿಸುವುದನ್ನು ಕಲಿತಿದ್ದರು. ಆರು ತಿಂಗಳ ಹಿಂದೆ ಬಲಗೈ, ಬಲಗಾಲು, ಮಾತು ಮೂರನ್ನೂ ಒಂದೇ ಬೆಳಗಿನಲ್ಲಿ ಬಿಟ್ಟುಕೊಟ್ಟವರು. ನೀರಿನ ಲೋಟ ಕೆಳಗೆ ಬಿದ್ದ ಸದ್ದಿಗೆ ಅವಳು “ನಿಧಾನ” ಎಂದು ಗದರಿದ್ದೇ ಅವರು ಚೆನ್ನಾಗಿದ್ದಾಗ ಅವಳಾಡಿದ ಕೊನೆಯ ಮಾತು. ನಾಲ್ಕು ವಾರ ಆಸ್ಪತ್ರೆ. ನಾಳೆ ಮನೆಗೆ ಕರೆದೊಯ್ಯಿರಿ ಎಂದ ದಿನ ಅವಳಿಗೆ ಕೈಕಾಲು ನಿಲ್ಲಲಿಲ್ಲ. ಓಡಿ ಬಂದವಳೇ ಮನೆಯನ್ನೆಲ್ಲ ಗುಡಿಸಿದಳು, ಒರೆಸಿದಳು, ಪರದೆ ಒಗೆದಳು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ತೊಳೆದಳು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಅವಳ ಕೆಲಸವೇ ಅದು. ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟ, ಇಕ್ಕಳಗಳನ್ನು ಹಲ್ಲಿನ ಸಂದಿಯೂ ಬಿಡದಂತೆ ತಿಕ್ಕಿ, ತೊಳೆದು, ಪೊಟ್ಟಣ ಕಟ್ಟಿ, ಹಬೆಯ ಪೆಟ್ಟಿಗೆಗೆ ತಳ್ಳುವುದು. ದುಃಖ ಬಂದರೂ ಸಂತೋಷ ಬಂದರೂ ಅವಳ ಕೈ ಹುಡುಕುತ್ತಿದ್ದುದು ಬ್ರಷ್ಷನ್ನು. ಕೊನೆಗೆ ಬಾಲ್ಕನಿಗೆ ಬಂದಳು. ಎಂಟು ಪಟ್ಟಿಗಳೂ ಪಾಚಿ ಹಿಡಿದು, ಧೂಳು ಮೆತ್ತಿ ಅಸಹ್ಯವಾಗಿದ್ದವು. ಕಿತ್ತು ಬಕೆಟ್ಟಿಗೆ ಹಾಕಿ, ಪಾತ್ರೆ ತಿಕ್ಕುವ ಪುಡಿ ಉದುರಿಸಿ, ಒಂದೊಂದನ್ನೇ ತಿಕ್ಕಿದಳು. ಮೊದಲನೆಯದು ಹೊಳೆಯಿತು. ಎರಡನೆಯದೂ ಹೊಳೆಯಿತು. ಮೂರನೆಯದರ ಪಾಚಿ ಬಿಟ್ಟಾಗ ಅದರಡಿಯಲ್ಲಿ ಬೂದು ಬಣ್ಣದ ಓರೆ ಅಕ್ಷರಗಳು ಕಂಡವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಈ ಐದು ತಿಂಗಳಲ್ಲಿ ಅವಳು ಆ ಕ್ಷಣಕ್ಕೆ ಎಷ್ಟು ಸಲ ಹೋಗಿ ನಿಂತಿದ್ದಾಳೋ ಲೆಕ್ಕವಿಲ್ಲ. ಒಂದೊಂದು ಸಲ, ನನಗೆಲ್ಲಿ ಗೊತ್ತಿತ್ತು, ತಲೆಯಲ್ಲಿ ಬೇರೆ ಚಿಂತೆ ತುಂಬಿತ್ತು, ಕೈ ತನ್ನಷ್ಟಕ್ಕೆ ಓಡುತ್ತಿತ್ತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಸುಳ್ಳು. ಗೊತ್ತಿತ್ತು. ಅಕ್ಷರ ಕಂಡಿತು, ಓದಲೂ ಬಂತು, ಇದು ಅವರ ಒಂಬತ್ತು ವರ್ಷ ಎಂಬುದೂ ಹೊಳೆಯಿತು. ಹೊಳೆದ ಮೇಲೆ ಕೈ ನಿಲ್ಲಲಿಲ್ಲ. ಮೂರನೆಯದನ್ನು ಇನ್ನೂ ಚೆನ್ನಾಗಿ ತಿಕ್ಕಿದಳು. ನಾಲ್ಕು, ಐದು, ಎಂಟರ ತನಕ ತಿಕ್ಕಿ, ತೊಳೆದು, ಸಾಲಾಗಿ ಬಟ್ಟೆಯ ಮೇಲೆ ಒಣಹಾಕಿ, ನಾಲ್ಕು ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಸಿರು ಎಳೆದುಕೊಂಡಳು. ಆ ಉಸಿರನ್ನೇ ಅವಳು ತನಗೆ ಕ್ಷಮಿಸಲಾರದೆ ಇದ್ದುದು. ಅದಾದ ಐದು ನಿಮಿಷಕ್ಕೆ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ಒತ್ತಿನ ಗೆರೆಯಾದರೂ ಉಳಿದಿದೆಯೇ ಎಂದು ಉಗುರಾಡಿಸಿದಳು. ನುಣ್ಣಗಿತ್ತು. ಅವಳು ತೊಳೆದದ್ದರಲ್ಲಿ ಏನೂ ಉಳಿಯುವುದಿಲ್ಲ, ಅದಕ್ಕೆ ಅವಳಿಗೆ ಒಮ್ಮೆ ಬಹುಮಾನವೂ ಬಂದಿತ್ತು.

ಲೇಬಲ್ ಎಂದರೇನೆಂದು ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿರಬೇಕಿತ್ತು. ಅಲ್ಲಿ, ಆ ಹಬೆಯ ಕೋಣೆಯಲ್ಲಿ, ಪೊಟ್ಟಣದ ಮೇಲೆ ದಿನಾಂಕ ಮತ್ತು ಕಟ್ಟಿದವರ ಸಹಿ ಇಲ್ಲದಿದ್ದರೆ ಅದು ಕೊಳಕಿನ ಲೆಕ್ಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಟ್ಟೆಯ ಲೇಬಲ್ ಹಬೆಗೆ ಬಿಟ್ಟುಕೊಂಡು ಉದುರಿತ್ತು. “ನಾನೇ ಕಟ್ಟಿದ್ದು ಮೇಡಂ, ನಂಗೆ ಗೊತ್ತು, ಇನ್ನೊಂದು ಅಂಟಿಸ್ಲಾ?” ಎಂದಿದ್ದಕ್ಕೆ ಮೇಲ್ವಿಚಾರಕಿ ಹನ್ನೆರಡು ಜನರ ಎದುರಿಗೆ ಆ ಪೊಟ್ಟಣವನ್ನು ಟರ್ರನೆ ಹರಿದು, ಉಪಕರಣಗಳನ್ನೆಲ್ಲ ಸಿಂಕಿಗೆ ಸುರಿದು, “ನಿನಗೆ ಗೊತ್ತಿದ್ರೆ ನಿನ್ನ ಮನೇಲಿಟ್ಕೋ” ಎಂದಿದ್ದಳು. ಇವಳು ಕಿವಿ ಕೆಂಪಾಗಿ, ತಲೆ ಬಗ್ಗಿಸಿ, ಮತ್ತೆ ತಿಕ್ಕಲು ಕೂತಿದ್ದಳು. ಸಂಜೆ ಮನೆಗೆ ಬಂದು ಹೇಳಿಕೊಂಡು ಅತ್ತಾಗ ಅವರು ನಕ್ಷೆಯಿಂದ ತಲೆಯೆತ್ತಿ, “ಅವಳು ಹೇಳಿದ್ದು ಸರಿ ತಾನೆ?” ಎಂದಿದ್ದರು. ಸರಿಯೇ. ಅವರು ಹೇಳಿದ್ದು ಯಾವತ್ತೂ ಸರಿಯೇ ಇರುತ್ತಿತ್ತು. ಗಿಡದ ವಿಷಯದಲ್ಲಂತೂ ಅವಳು ಬಾಯಿ ಹಾಕುವಂತಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ಚಳಿಗಾಲ ಅವರು ನಾಲ್ಕು ವಾರ ಅಳತೆಯ ಕೆಲಸಕ್ಕೆಂದು ಪರಸ್ಥಳಕ್ಕೆ ಹೋದಾಗ, ಥಂಡಿಯಲ್ಲಿ ನೀರಿಲ್ಲದೆ ಮುದುಡಿ ನಿಂತ ಗಿಡಗಳನ್ನು ನೋಡಲಾರದೆ, ಎಂಟನ್ನೂ ಅಡಿಗೆಮನೆಯ ಬೆಚ್ಚಗೆ ತಂದಿಟ್ಟು ದಿನಾ ಲೋಟದಷ್ಟು ನೀರು ಹಾಕಿದ್ದಳು. ಆ ಗಿಡಕ್ಕೆ ಎರಡು ತಿಂಗಳ ಥಂಡಿ, ಎರಡು ತಿಂಗಳ ಉಪವಾಸ ಸಿಕ್ಕರೇ ದಂಟು ಮೇಲೇಳುವುದು. ಆ ವರ್ಷ ದಂಟು ಏಳದೆ ಹೂಗಳು ಎಲೆಗಳ ಬುಡದಲ್ಲೇ ಸಿಕ್ಕಿಕೊಂಡು ಅರಳಿ ಅಲ್ಲೇ ಕೊಳೆತವು. ಒಂದು ವರ್ಷ ದಂಡ. ಗಡಿಯಾರದವನ ಎದುರಿಗೇ ಅವರು ನಕ್ಕು, “ನೋಡಯ್ಯಾ, ಇವಳ ಪ್ರೀತಿ ಇಂಥದ್ದು, ಉಸಿರು ಕಟ್ಟಿಸಿಬಿಡುತ್ತೆ” ಎಂದಿದ್ದರು. ಗಡಿಯಾರದವನು ನಗಲಿಲ್ಲ, ಟೀ ಕುಡಿದ. ಅವಳು ಲೋಟ ಎತ್ತಿಕೊಂಡು ಒಳಗೆ ಹೋಗಿದ್ದಳು. ಬ್ರಷ್ಷು ಮೂರನೆಯ ಪಟ್ಟಿಯ ಮೇಲೆ ನಿಲ್ಲದೆ ಹೋದದ್ದು ಆ ಮಾತಿಗೋ? ಇದ್ದರೂ ಇರಬಹುದು. ಮಾತು ಬಿದ್ದುಹೋದ ಗಂಡನ ಹಳೆಯ ಮಾತಿಗೆ ಸೇಡು ತೀರಿಸಿಕೊಳ್ಳುವ ಹೆಂಗಸೂ ಇರುತ್ತಾಳೆಯೇ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಂದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಎಡಗೈ ಎತ್ತಿ ಬಾಲ್ಕನಿಯ ಬಾಗಿಲು ತೋರಿಸಿದ್ದು. ಅವಳ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಬೆರಗಾಯಿತು. “ಬೇಡ ರೀ, ಗಾಳಿಗೆ ಒಡ್ಡಬೇಡಿ ಅಂದಿದ್ದಾರೆ ಡಾಕ್ಟ್ರು.” ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಎರಡು ದಿನ ತಡೆದರೆ ಅಷ್ಟರಲ್ಲಿ ಏನಾದರೂ ದಾರಿ ಹೊಳೆದೀತು ಎಂದಷ್ಟೇ ಅಂದುಕೊಂಡಿದ್ದಳು. ಒಗೆದ ದಪ್ಪ ಪರದೆಯನ್ನು ಬಾಗಿಲಿಗೆ ಎಳೆದಳು. ಎರಡು ದಿನ ಎರಡು ವಾರವಾಯಿತು. ಅವರು ಕೈ ಎತ್ತುವುದು, ಇವಳು ಗಾಳಿ ಎನ್ನುವುದು. ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಬರುವ ಹೆಂಗಸು, ಮೊಮ್ಮಕ್ಕಳನ್ನು ಕಂಡ ಅನುಭವಸ್ಥೆ, “ಇವರನ್ನ ಬೆಳಿಗ್ಗೆ ಹೊತ್ತು ಒಂದ್ ಗಳಿಗೆ ಹೊರಗೆ ಕೂರಿಸ್ರಮ್ಮಾ, ಮನಸ್ಸಿಗೆ ಹಿತ” ಎಂದಳು. “ಡಾಕ್ಟ್ರು ಬೇಡ ಅಂದಿದ್ದಾರೆ.” “ಯಾವ ಡಾಕ್ಟ್ರು?” ಎಂದು ಆ ಹೆಂಗಸು ಕೇಳಿ, ಉತ್ತರಕ್ಕೆ ಕಾಯದೆ, ಅವರ ಮಣಿಕಟ್ಟನ್ನು ತಿರುವಲು ಕೂತಳು. ದೂರದಲ್ಲಿರುವ ಮಗಳು ಫೋನು ಮಾಡಿ, “ಅಮ್ಮಾ, ಅಪ್ಪನ್ನ ಅವರ ಗಿಡಗಳ ಜೊತೆ ಕೂರಿಸಿ ಒಂದು ಫೋಟೋ ಕಳ್ಸೇ” ಎಂದರೆ ಹಾಸಿಗೆಯಲ್ಲಿ ದಿಂಬಿಗೊರಗಿಸಿ, ತಲೆ ಬಾಚಿ, ಪಟ ತೆಗೆದು ಕಳಿಸಿದಳು. ಎರಡು ಸಲ ಆಸ್ಪತ್ರೆಗೆ ತೋರಿಸಲು ಲಿಫ್ಟಿನಲ್ಲಿ ಇಳಿಸಿ, ಕಾರಿನ ಗಾಜು ಏರಿಸಿ ಕರೆದೊಯ್ದದ್ದು ಬಿಟ್ಟರೆ ಅವರು ಮನೆಯ ಹೊಸಿಲು ದಾಟಲಿಲ್ಲ. ಈಚೆಗೆ ಎರಡು ತಿಂಗಳಿಂದ ಅವರು ಬಾಗಿಲ ಕಡೆ ಕೈ ಎತ್ತುವುದನ್ನೇ ಬಿಟ್ಟಿದ್ದರು. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಮರೆತಿದ್ದಾರೆ, ಸದ್ಯ, ಎಂದುಕೊಂಡಿದ್ದಳು.

ಗಿಡಗಳನ್ನು ಮಾತ್ರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಈ ಸಲ ಥಂಡಿಯಲ್ಲೇ ಬಿಟ್ಟಳು, ಉಪವಾಸ ಹಾಕಿದಳು, ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಬುಡಕ್ಕೆ ನೀರು ನಿಲ್ಲದಂತೆ ಕುಂಡದ ಕೆಳಗೆ ಇಟ್ಟಿಗೆ ಚೂರು ಇಟ್ಟಳು. ನಾಲ್ಕು ಕುಂಡದಲ್ಲಿ ಹಸಿರು ಕಾಯಿ ದಪ್ಪಗಾಗಿ, ನಿಧಾನಕ್ಕೆ ಬಣ್ಣ ತಿರುಗಿ, ಈಗ ಬೆರಳ ತುದಿಯಷ್ಟು ಗಾತ್ರದ ಕೆಂಪು ಹಣ್ಣುಗಳ ಗೊಂಚಲಾಗಿ ನಿಂತಿದ್ದವು. ನಾಲ್ಕರಲ್ಲಿ ಎರಡು ಮಾತ್ರ ಅವರು ಕಾಯುತ್ತಿದ್ದ ಹಣ್ಣು. ಉಳಿದೆರಡು ಸುಮ್ಮನೆ ಪರೀಕ್ಷೆಗೆಂದು ಕೂಡಿಸಿದ್ದು. ಒಳಗೆ ಹೋಗಿ, ಕುರ್ಚಿಯ ಎದುರು ಕೂತು, ರೀ ಹೀಗಾಯಿತು, ಬನ್ನಿ, ಯಾವುದು ಅಂತ ತೋರಿಸಿ ಎಂದರೆ ಮುಗಿಯುತ್ತಿತ್ತು. ಕೇಳಬೇಕೆಂದರೆ ತಿಕ್ಕಿದ್ದನ್ನು ಹೇಳಬೇಕು. ತಿಕ್ಕಿದ್ದನ್ನು ಹೇಳಿದರೆ ಅವರು ಬೈಯಲಾರರು, ನಗಲಾರರು, ಬರಿದೇ ನೋಡುತ್ತಾರೆ. ಆ ನೋಟಕ್ಕೇ ದಿನಾ ಬಡಿಸಿ, ಅದನ್ನೇ ತೊಳೆದು ಮಲಗಿಸಬೇಕು. ಅವಳಿಗೆ ಅದು ಆಗದ ಮಾತಾಗಿತ್ತು. ಅದಕ್ಕಿಂತ ಯಾವುದೋ ಒಂದು ಕುಂಡದ ಹಣ್ಣು ಕಿತ್ತು ಗಡಿಯಾರದವನ ಕೈಗೆ ಹಾಕುವುದೇ ಲೇಸು. ಬೀಜ ಗಿಡವಾಗಿ ಹೂ ಬಿಡಲು ಐದು ವರ್ಷ ಬೇಕು. ಐದು ವರ್ಷಕ್ಕೆ ಯಾರಿರುತ್ತಾರೋ ಯಾರಿಲ್ಲವೋ. ಹೀಗೆ ಯೋಚಿಸಿದವಳಿಗೆ, ಯಾರಿಲ್ಲವೋ ಎಂದಾಗ ತಾನು ಯಾರ ಮುಖ ನೆನೆಸಿಕೊಂಡೆನೆಂಬುದು ತಿಳಿದು, ಸ್ಟೂಲಿನಿಂದ ಎದ್ದುಬಿಟ್ಟಳು.

ಹನ್ನೊಂದಕ್ಕೆ ಕರೆಗಂಟೆಯ ಸದ್ದಾಯಿತು. ಗಡಿಯಾರದವನು ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಒಂದು ಚಿಕ್ಕ ತಗಡಿನ ಡಬ್ಬಿ ಹಿಡಿದುಕೊಂಡು, ಮದುವೆಗೆ ಬಂದವನಂತೆ ಇಸ್ತ್ರಿಯ ಅಂಗಿ ಹಾಕಿಕೊಂಡು ನಿಂತಿದ್ದ. ಒಳಗೆ ಬಂದವನು ಮೊದಲು ಗಾಲಿಕುರ್ಚಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಅವರ ಬಿದ್ದ ಬಲಗೈಯನ್ನೇ ಎತ್ತಿ ತನ್ನ ಕೈಯಲ್ಲಿಟ್ಟುಕೊಂಡ.

“ಏನಣ್ಣಾ, ಹೇಗಿದ್ದೀರಿ? ಗಲ್ಲ ಸ್ವಲ್ಪ ತುಂಬಿದೆ. ಅತ್ತಿಗೆ ಚೆನ್ನಾಗಿ ನೋಡ್ಕೊಂಡಿದ್ದಾರೆ.”

ಅವರು ಅವನನ್ನು ನೋಡಿದರು. ಬಾಯಿಯ ಎಡ ತುದಿ ಕೊಂಚ ಮೇಲೆದ್ದಿತು.

“ಹಣ್ಣು ಆಗಿದೆಯಂತೆ ಅಣ್ಣಾ. ಕೀಳೋಕೆ ಬಂದೆ. ನೀವು ಹೇಳಿದ ಹಾಗೆ ಅರ್ಧ ನಂಗೆ, ಅರ್ಧ ನಿಮಗೆ.” ಎದ್ದು ನಿಂತು ಅವಳ ಕಡೆ ತಿರುಗಿದ. “ನಡೀರಿ ಅತ್ತಿಗೆ, ನೋಡೇ ಬಿಡೋಣ.”

ಅವಳು ಪರದೆಯನ್ನು ಒಬ್ಬರು ತೂರುವಷ್ಟೇ ಸರಿಸಿ, ಅವನನ್ನು ಹೊರಗೆ ಬಿಟ್ಟು, ತಾನೂ ತೂರಿ, ಬಾಗಿಲು ಎಳೆದಳು. ಗಡಿಯಾರದವನು ಗೊಂಚಲುಗಳನ್ನು ಕಂಡು ಹತ್ತಿರ ಹೋದ. ಆಮೇಲೆ ಎಲೆಯ ಬೆನ್ನು ಸವರಿದ, ಮಣ್ಣು ಮುಟ್ಟಿ ನೋಡಿದ. “ಅಬ್ಬಾ, ಅಣ್ಣ ಇದ್ದಾಗಲೂ ಇಷ್ಟು ಚೊಕ್ಕವಾಗಿ ಇರ್ಲಿಲ್ಲ” ಎಂದವನು, ಅಣ್ಣ ಇದ್ದಾಗ ಎಂದುಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ. “ಎರಡೂ ಐದೂ ಯಾವುದು?”

“ಅಲ್ಲಿ ಬರ್ದಿದೆಯಲ್ಲ.”

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದ. ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಮಣ್ಣಿನಿಂದ ಎಳೆದ. ಸಾಸಿವೆಯಷ್ಟು ಹಲ್ಲುಚಕ್ರದ ಮೇಲಿನ ಗುರುತನ್ನು ಓದುವ ಕಣ್ಣು. ಆ ಕಣ್ಣು ಗುಂಡಗಿನ ಎರಡನ್ನು ನೋಡಿತು, ಕೈ ಬಾಗಿಸಿ ಓರೆ ಮಾಡಿದ ಐದನ್ನು ನೋಡಿತು, ಎದ್ದು ಉಳಿದ ಏಳು ಕುಂಡಗಳ, ಏನೂ ಬರೆಯದ ಬಿಳೀ ಪಟ್ಟಿಗಳ ಮೇಲೆ ನಿಧಾನವಾಗಿ ಹರಿಯಿತು. ಅವನು ಪಟ್ಟಿಯನ್ನು ಅದೇ ತೂತಿಗೆ ಮೆತ್ತಗೆ ಇಳಿಸಿ, ಸುತ್ತಲ ಮಣ್ಣನ್ನು ಬೆರಳಿಂದ ಅದುಮಿದ. “ಹೂಂ” ಎಂದ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಬೈದಿದ್ದರೆ ತಡೆಯಬಹುದಿತ್ತು. ಕಂಡೂ ಕಾಣದವನಂತೆ ಕನ್ನಡಕ ಒರೆಸುವ ಆ ಮರ್ಯಾದೆಗೆ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ನಾನೇ ತಿಕ್ಕಿಬಿಟ್ಟೆ” ಎಂದಳು. “ಎಂಟನ್ನೂ. ಪಾತ್ರೆ ಪುಡಿ ಹಾಕಿ. ಅವರು ಮನೆಗೆ ಬರೋ ಹಿಂದಿನ ದಿನ. ಅಕ್ಷರ ಕಾಣ್ತು, ಆದ್ರೂ ತಿಕ್ಕಿದೆ. ಇದನ್ನ ಬೆಳಿಗ್ಗೆ ನಾನೇ ಬರ್ದು ಚುಚ್ಚಿದ್ದು. ಯಾವುದು ಏನು ಅಂತ ನಂಗೆ ಗೊತ್ತಿಲ್ಲ.”

ಗಡಿಯಾರದವನು ಕನ್ನಡಕ ಒರೆಸುವುದನ್ನು ನಿಲ್ಲಿಸಿದ. ಅವಳು ಕಣ್ಣು ಕೆಳಗೆ ಹಾಕಿ ಅವನ ಕಾಲ್ಬೆರಳುಗಳನ್ನು ನೋಡುತ್ತ ನಿಂತಳು.

“ಇಷ್ಟೇನಾ ಅತ್ತಿಗೆ?”

ಅವಳು ತಲೆ ಎತ್ತಿದಳು. ಅವನ ಮುಖದಲ್ಲಿ ಅವಳು ಹೆದರಿದ್ದು ಯಾವುದೂ ಇರಲಿಲ್ಲ.

“ಹಣ್ಣಾಗಿದೆ ಅಂತ ಕೇಳೋವರೆಗೂ ನಾನು ಗಿಡಾನೇ ಸತ್ತೋಗಿದೆ ಅಂದ್ಕೊಂಡಿದ್ದೆ. ಎರಡು ಸಲ ಬಂದಾಗ್ಲೂ ಅಣ್ಣ ಮಲಗಿದ್ದಾರೆ ಅಂತ ಹಾಗೇ ಕಳಿಸಿದ್ರಲ್ಲ, ಗಿಡ ಹೋಯ್ತು, ಅತ್ತಿಗೆಗೆ ಹೇಳೋಕೆ ಬಾಯಿ ಬರ್ತಿಲ್ಲ ಅಂತ. ಪಟ್ಟಿ ಅಳಿಸಿದ್ದಕ್ಕೆ ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ರಾ?”

“ಒಂಬತ್ತು ವರ್ಷದ್ದು...”

“ಹಳೇ ಲೆಕ್ಕ ಹೋಯ್ತು, ಅದು ನಿಜ. ಅಣ್ಣಂಗೆ ಬೇಜಾರಾಗುತ್ತೆ. ಹಳದಿಗೇನು ತೊಂದ್ರೆ?” ಅವನು ಎಲೆಗಳನ್ನು ಸರಿಸಿ ಬುಡ ತೋರಿಸಿದ, ಮಣ್ಣಿಗೆ ತಾಗುವಲ್ಲಿ ಎಲೆಯ ಬುಡಕ್ಕೆ ಕೆನ್ನೀಲಿಯ ಛಾಯೆಯಿತ್ತು. “ಇದು ಕಿತ್ತಳೆ ಗಿಡದ ಗುರುತು. ಮೊಳಕೆ ಬರೋವಾಗ್ಲೇ ಈ ಬಣ್ಣ ಇರುತ್ತೆ. ಹಳದಿ ಹೂವಿಂದು ಬುಡ ಬರೀ ಹಸಿರು. ನಾಲ್ಕೂ ಕುಂಡದ ಬೀಜ ಬೇರೆ ಬೇರೆ ಹಾಕೋಣ. ಎರಡು ಮೂರು ತಿಂಗಳಿಗೆ ಎರಡು ಕುಂಡದ ಮರಿಗಳಲ್ಲಿ ಹಸಿರು ಬುಡ ಕಾಣುತ್ತೆ. ಆ ಕುಂಡಗಳೇ ನಮ್ಮ ಎರಡೂ ಐದೂ. ಮೊದಲನೇ ದಿನವೇ ನಂಗೆ ಒಂದು ಮಾತು ಹೇಳಿದ್ರೆ ಆಗ್ಲೇ ಹೇಳ್ತಿದ್ನಲ್ಲ. ಅಣ್ಣಂಗೂ ಗೊತ್ತು ಇದು.”

ಐದು ನಿಮಿಷದ ಮಾತು. ಅವಳು ಬಾಲ್ಕನಿಯ ಗೋಡೆಗೆ ಬೆನ್ನು ಕೊಟ್ಟಳು. ಹಗುರಾಗಬೇಕಿತ್ತು, ಆಗಲಿಲ್ಲ. ಬೆಟ್ಟದಂಥ ತಪ್ಪು ಮಾಡಿದ್ದೇನೆಂಬ ನಂಬಿಕೆಯಾದರೂ ಅವಳ ಐದು ತಿಂಗಳಿಗೆ ಒಂದು ಆಸರೆಯಾಗಿತ್ತು. ಈಗ ಅದೂ ಹೋಗಿ, ಪರದೆ ಎಳೆದ ಬಾಗಿಲೊಂದೇ ಉಳಿಯಿತು. ಅಷ್ಟರಲ್ಲಿ ಗಡಿಯಾರದವನು, “ತಡೀರಿ, ಕಾಯೋದ್ಯಾಕೆ, ಅಣ್ಣನ್ನೇ ಕೇಳೋಣ, ಅವರಿಗೆ ಗುರುತು ಸಿಕ್ಕರೂ ಸಿಗಬಹುದು” ಎಂದು ಒಳಗೆ ಹೊರಟೇಬಿಟ್ಟ. “ಡಾಕ್ಟ್ರು ಗಾಳಿಗೆ...” ಎಂದು ಅವಳು ಅಂದದ್ದು ಅವಳ ಬಾಯಲ್ಲೇ ಉಳಿಯಿತು. ಅವನು ಪರದೆಯನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದು, ಬಾಗಿಲನ್ನು ಪೂರಾ ತೆಗೆದು, ಗಾಲಿಕುರ್ಚಿಯನ್ನು ಹೊಸಿಲಿನ ಮೇಲೆ ತುಸು ಎತ್ತಿ ದಾಟಿಸಿದ.

ಬೆಳಕಿಗೆ ಅವರು ಕಣ್ಣು ಮುಚ್ಚಿಕೊಂಡರು. ಹಾಗೇ ಕೆಲವು ಗಳಿಗೆ ಕೂತಿದ್ದರು. ಗಡಿಯಾರದವನು ಕುರ್ಚಿಯನ್ನು ಕುಂಡಗಳ ಕಡೆ ತಿರುಗಿಸಿ, ಒಂದು ಕುಂಡವನ್ನು ಎತ್ತಿ ಅವರ ಮೊಣಕಾಲಿನ ಮಟ್ಟಕ್ಕೆ ಹಿಡಿದ. “ಅಣ್ಣಾ, ಎರಡು ಯಾವುದು? ಇದಾ? ಇದಲ್ಲದಿದ್ರೆ ಆ ಕಡೆಯದಾ? ಬೆರಳು ತೋರಿಸಿ ಸಾಕು.” ಪಟ್ಟಿ ಬೆಳ್ಳಗೆ ಅವರ ಕಣ್ಣೆದುರಿಗೇ ಇತ್ತು. ಅವಳು ಅವರ ಮುಖ ನೋಡಿದಳು. ಅವರ ದೃಷ್ಟಿ ಹಣ್ಣಿನ ಮೇಲೆ ಬಿತ್ತು, ಪಟ್ಟಿಯ ಮೇಲೂ ಬಿತ್ತು, ಅಲ್ಲಿ ನಿಲ್ಲದೆ ಕುಂಡದ ಅಂಚನ್ನು ದಾಟಿ ಕಂಬಿಯ ಆಚೆಗೆ ಹೋಯಿತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಚೈನು ಹಾಕುತ್ತಿದ್ದರು. ಎದುರು ಮನೆಯ ತಾರಸಿಯಲ್ಲಿ ಒಬ್ಬಾಕೆ ಒದ್ದೆ ಸೀರೆಯನ್ನು ಫಟ್ಟೆಂದು ಒದರಿ ಹಗ್ಗದ ಮೇಲೆ ಹಾಕಿದಳು. ಅವರು ಅದನ್ನು ನೋಡಿದರು. ಸೀರೆ ಗಾಳಿಗೆ ಉಬ್ಬಿದ್ದನ್ನು ನೋಡಿದರು. ಗಡಿಯಾರದವನು ಇನ್ನೆರಡು ಕುಂಡ ಎತ್ತಿ ತೋರಿಸಿದ; ಅವರು ತಲೆಯನ್ನು ಕೊಂಚ ಪಕ್ಕಕ್ಕೆ ಬಾಗಿಸಿದರು, ಕುಂಡ ಬೀದಿಗೆ ಅಡ್ಡ ಬಂತೆಂದು. ಅವನ ಮುಖ ಸಪ್ಪೆಯಾಯಿತು. ಕುಂಡವನ್ನು ಕೆಳಗಿಟ್ಟ.

ಆಮೇಲೆ ಅವನು ನಾಲ್ಕು ಕುಂಡದ ಹಣ್ಣುಗಳನ್ನು ಬಿಡಿಸಿ ನಾಲ್ಕು ಕಾಗದದ ಪೊಟ್ಟಣ ಕಟ್ಟಿದ, ಅವಳೇ ಒಂದೊಂದರ ಮೇಲೂ ಕುಂಡದ ಸ್ಥಾನ, ದಿನಾಂಕ ಬರೆದು ಸಹಿ ಹಾಕಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ, “ಅತ್ತಿಗೆ, ಅಣ್ಣನ್ನ ದಿನಾ ಹೀಗೇ ಹೊರಗೆ ಕೂರಿಸ್ತಿದ್ದೀರಿ ತಾನೆ?” ಎಂದ. ಅವಳು ಬಾಗಿಲ ಚಿಲಕವನ್ನು ಸೆರಗಿನಿಂದ ಒರೆಸತೊಡಗಿದಳು. ಅವನು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದ.

ಅವಳು ಮರಳಿ ಬಾಲ್ಕನಿಗೆ ಬಂದಾಗ ಅವರು ಎಡಗಾಲಿನಿಂದ ಒತ್ತಿ ಒತ್ತಿ ಕುರ್ಚಿಯನ್ನು ಕಂಬಿಯ ತನಕ ಸರಿಸಿಕೊಂಡಿದ್ದರು. ಬಿಸಿಲು ಅವರ ತೊಡೆಯ ಮೇಲೆ ಬಿದ್ದಿತ್ತು. ಐದು ತಿಂಗಳಲ್ಲಿ ಎಷ್ಟು ಬಿಳುಚಿಕೊಂಡಿದ್ದಾರೆಂದು ಒಳಗಿನ ದೀಪದಲ್ಲಿ ಅವಳಿಗೆ ಕಂಡಿರಲೇ ಇಲ್ಲ. ಒಂದು ಗಂಟೆಯಾಯಿತು. ಒಂದೂವರೆಯಾಯಿತು. “ಬನ್ನಿ, ಊಟ ಮಾಡಿ ಮತ್ತೆ ಬರೋಣ” ಎಂದು ಕುರ್ಚಿಯ ಹಿಡಿಗಳಿಗೆ ಕೈ ಹಾಕಿ ಹಿಂದಕ್ಕೆಳೆದಳು. ಕುರ್ಚಿ ಬರಲಿಲ್ಲ. ಗಾಲಿಗೇನಾದರೂ ಸಿಕ್ಕಿದೆಯೇ ಎಂದು ಬಗ್ಗಿ ನೋಡಿದಳು. ಗಾಲಿ ಸರಿಯಾಗಿತ್ತು. ಅವರ ಎಡಗೈ ಕಂಬಿಯನ್ನು ಹಿಡಿದಿತ್ತು. ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ.

ಗಿಡ ಬಿಟ್ಟು ಬರಲಾರರು ಎಂದುಕೊಂಡು ಅವಳು ಒಂದು ಕುಂಡವನ್ನು ಎತ್ತಿ ಅವರ ಪಕ್ಕಕ್ಕಿಟ್ಟಳು. “ಇದನ್ನೂ ಒಳಗೆ ತರ್ತೀನಿ ರೀ.” ಅವರು ಅದರತ್ತ ತಿರುಗಿಯೂ ನೋಡಲಿಲ್ಲ. ಆಗ ಅವಳಿಗೆ ತಿಳಿಯಿತು. ಆ ಮೊದಲ ತಿಂಗಳುಗಳಲ್ಲಿ ಅವರು ಕೈ ಎತ್ತಿ ತೋರಿಸಿದ್ದು ಗಿಡಗಳನ್ನಲ್ಲ. ಗಿಡ, ಪಟ್ಟಿ, ಹಳದಿ, ತಪ್ಪು ಇವೆಲ್ಲ ಅವಳ ತಲೆಯೊಳಗೇ ಇದ್ದದ್ದು; ಅವರಿಗೆ ಬೇಕಾಗಿದ್ದುದು ಹೊರಗೆ. ಅಷ್ಟೇ, ಹೊರಗೆ. ಅವಳು ಕುರ್ಚಿಯ ಮುಂದೆ ಬಂದು ನೆಲದ ಮೇಲೆ ಕೂತಳು. ಎಂದೂ ಹಾಗೆ ಕೂತವಳಲ್ಲ, ಅವರ ಮೊಣಕಾಲು ಹಿಡಿದಳು.

“ಡಾಕ್ಟ್ರು ಏನೂ ಹೇಳಿರ್ಲಿಲ್ಲ ರೀ” ಎಂದಳು. “ಗಾಳಿ ಗೀಳಿ ಎಲ್ಲಾ ನಾನೇ ಹುಟ್ಟಿಸಿ ಹೇಳಿದ್ದು. ಒಂದು ದಿನಾನೂ ಯಾರೂ ಬೇಡ ಅಂದಿರ್ಲಿಲ್ಲ. ನಿಮ್ಮ ಪಟ್ಟಿ ಅಳಿಸಿದ್ದು ನಿಮಗೆ ಗೊತ್ತಾಗಬಾರದು ಅಂತ ಬಾಗಿಲು ಹಾಕಿಟ್ಟೆ.”

ಅವರು ನಿಧಾನವಾಗಿ ಮುಖ ತಿರುಗಿಸಿ ಅವಳನ್ನು ನೋಡಿದರು. ಎಲ್ಲವೂ ಅರ್ಥವಾಗುತ್ತದೆಂದು ಡಾಕ್ಟರು ಹೇಳಿದ್ದರು. ಅದೊಂದು ನಿಜವಾಗಿಯೂ ಹೇಳಿದ ಮಾತು. ಆ ನೋಟದಲ್ಲಿ ಸಿಟ್ಟಿಲ್ಲ, ದುಃಖವಿಲ್ಲ. ಬಹಳ ಹೊತ್ತು ನೋಡಿ, ಮತ್ತೆ ಬೀದಿಯ ಕಡೆ ತಿರುಗಿದರು.

ಅವಳು ಎದ್ದು ಹೋಗಿ ತಟ್ಟೆ ಹಾಕಿಕೊಂಡು ಬಂದು, ಸ್ಟೂಲನ್ನು ಅವರ ಎಡಗಡೆಗೆ ಎಳೆದು ಅದರ ಮೇಲಿಟ್ಟಳು. “ಇಲ್ಲೇ ಮಾಡಿ. ಒಳಗೆ ಬರೋದು ಬೇಡ. ಸಂಜೆ ತನಕ ಇಲ್ಲೇ ಇರಿ.” ಇನ್ನೊಬ್ಬರ ಕೈತುತ್ತನ್ನು ಅವರು ಆಸ್ಪತ್ರೆಯಲ್ಲೂ ಒಪ್ಪಿದವರಲ್ಲ, ಚೆಲ್ಲಿದರೂ ಸರಿ, ಎಡಗೈಯಲ್ಲೇ ಉಣ್ಣುತ್ತಿದ್ದರು. ಅವರು ತಟ್ಟೆಯನ್ನು ನೋಡಿದರು. ಹಸಿವಾಗಿತ್ತು, ಗಂಟಲು ಒಮ್ಮೆ ಆಡಿತು. ಉಣ್ಣಬೇಕೆಂದರೆ ಕಂಬಿ ಬಿಡಬೇಕು. ಅವರು ಕಣ್ಣೆತ್ತಿ ಅವಳನ್ನು ನೋಡಿದರು, ಕುರ್ಚಿಯ ಹಿಡಿಗಳ ಹತ್ತಿರವಿದ್ದ ಅವಳ ಕೈಗಳನ್ನು ನೋಡಿದರು. “ಎಳೆಯಲ್ಲ ರೀ. ಆಣೆಗೂ ಎಳೆಯಲ್ಲ” ಎಂದು ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಳು. ತಟ್ಟೆಯಿಂದ ಏಳುತ್ತಿದ್ದ ಹಬೆ ತೆಳುವಾಗುತ್ತ ಬಂತು, ನಿಂತಿತು. ಅವರು ಕಂಬಿ ಬಿಡಲಿಲ್ಲ.